ಇಪ್ಪತ್ತನಾಲ್ಕು ನಿಮಿಷದ ದಾರಿ

ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ನೀಲಗಟ್ಟಿ ಎಂಬ ಹೆಸರಿನ ಪಕ್ಕದಿಂದ ಹೊರಟಿತು. ಕಾಲುವೆಯ ನೀಲಿ ಗೆರೆಯ ಬಗಲಿಗೇ ಸರಸರನೆ ಸರಿದು, ಎಲ್ಲೂ ನಿಲ್ಲದೆ, ಯಾರನ್ನೂ ಕೇಳದೆ, ಸುರಪುರ ಎಂದು ಬರೆದ ಕಡೆ ಹೋಗಿ ನಿಂತಿತು. ಮೂಲೆಯಲ್ಲಿ ಇಪ್ಪತ್ತನಾಲ್ಕು ನಿಮಿಷ ಎಂದು ಮೂಡಿತು. ತಾಲೂಕಿನ ಆರೋಗ್ಯ ಸಭೆಯಲ್ಲಿದ್ದ ಕೆಲವರು ಮೆಚ್ಚಿಕೆಯಿಂದ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಲ್ಲಾಬಾಯಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ನೀಲಗಟ್ಟಿ ಆಸ್ಪತ್ರೆಯ ನರ್ಸು. ಅದೇ ಊರಿನ ಸೊಸೆ. ಆಸ್ಪತ್ರೆ ಅಂದರೆ ಎರಡು ಕೋಣೆ, ಮುಂದೆ ಒಂದು ಬೇವಿನ ಗಿಡ. ಎರಡರಲ್ಲಿ ಒಂದು ಕೋಣೆ ಹೆರಿಗೆಯದು. ಆ ಕೋಣೆಯನ್ನು ಈಗ ಮುಚ್ಚುವುದಿತ್ತು.

ಮುಚ್ಚಬೇಕೆಂದು ಯಾವ ಮನುಷ್ಯನೂ ಹೇಳಿರಲಿಲ್ಲ. ಹೇಳಿದ್ದು ಕಂಪ್ಯೂಟರು. ಅದರೊಳಗೆ ಒಂದು ಇಡೀ ತಾಲೂಕನ್ನೇ ಕಟ್ಟಿ ಕೂರಿಸಿದ್ದರು. ಇಲ್ಲದ ಬಸುರಿಯರು, ಬಾರದ ನೋವು, ಓಡದ ಆಂಬುಲೆನ್ಸು. ಆ ತಾಲೂಕಿನ ಒಂದು ವರ್ಷವನ್ನು ಸಾವಿರ ಸಲ ಓಡಿಸಿ ನೋಡಿ, ಯಾವ ಹೆರಿಗೆ ಕೋಣೆ ಇಟ್ಟುಕೊಂಡರೆ ಎಷ್ಟು ಜೀವ ಉಳಿಯುತ್ತದೆ, ಯಾವುದನ್ನು ಮುಚ್ಚಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅದು ಲೆಕ್ಕ ಒಪ್ಪಿಸುತ್ತಿತ್ತು. ಸುರಪುರದ ದೊಡ್ಡ ಆಸ್ಪತ್ರೆಗೆ ಅರ್ಧ ತಾಸಿನೊಳಗೆ ತಲುಪಬಹುದಾದ ಊರುಗಳಲ್ಲಿ ಹೆರಿಗೆ ಕೋಣೆ ಬೇಡ, ಅಲ್ಲಿನ ನರ್ಸುಗಳನ್ನು ದೊಡ್ಡ ಆಸ್ಪತ್ರೆಗೆ ತಂದರೆ ಡಾಕ್ಟರು, ರಕ್ತ, ಆಪರೇಷನ್ ಎಲ್ಲ ಒಂದೇ ಕಡೆ ಸಿಗುತ್ತದೆ ಎಂಬುದು ಅದರ ತೀರ್ಪು. ಮಾತಿನಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ. ಮಲ್ಲಾಬಾಯಿಗೆ ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇದನ್ನೆಲ್ಲ ಮಾಡಿಕೊಂಡು ಬಂದವನು ಮನ್ಸೂರಅಲಿ. ಯಾದಗಿರಿಯ ಹುಡುಗ, ಹೊರಗೆ ಓದಿ ಬಂದಿದ್ದ. ಸಭ್ಯ. ಮಾತಿಗೊಮ್ಮೆ ಅಕ್ಕಾ ಅನ್ನುತ್ತಿದ್ದ. ಬೈಯಲು ಇವನು ಸ್ವಲ್ಪ ಸೊಕ್ಕಿನವನಾದರೂ ಆಗಬಾರದಿತ್ತೇ ಎಂದು ಮಲ್ಲಾಬಾಯಿಗೆ ಅನ್ನಿಸಿತು. ಆದರೂ ಎದ್ದು ನಿಂತಳು.

"ನಿಮ್ಮ ಚುಕ್ಕಿಗಿ ಹೊಟ್ಟಿ ಬ್ಯಾನಿ ಇಲ್ರಿ," ಅಂದಳು. "ಅದಕ್ಕ ಜಲ್ದಿ ಹೋಗ್ಯಾದ. ಹ್ವಾದ ಸಲ ನಮ್ಮೂರ ಬಸುರಿ ಚಮನಬೀನ್ನ ಕರಿಯಾಕ ಬಂದ ಆಂಬುಲೆನ್ಸ ಒಂದ ತಾಸಾದ್ರೂ ಊರ ಮುಟ್ಟಲಿಲ್ಲ. ಆಕಿನ್ನ ಹಗ್ಗದ ಹೊರಸಿನ ಮ್ಯಾಲ ಮಲಗಿಸಿ ಹೊತ್ಕೊಂಡ ನನ್ನ ಕ್ವಾಣಿಗಿ ತಂದ್ರು. ಕೂಸಿನ ತಲಿ ಹೊರಗ ಬಂದಿತ್ತು. ಆ ಕ್ವಾಣಿ ಇರಲಿಲ್ಲಂದ್ರ ಏನಾಗ್ತಿತ್ತು ಅಂತ ನಿಮ್ಮ ಯಂತ್ರಕ್ಕ ಕೇಳ್ರಿ."

ಮನ್ಸೂರಅಲಿ ಸಿಟ್ಟಾಗಲಿಲ್ಲ. ಇದು ಊಹೆಯ ಲೆಕ್ಕವಲ್ಲ, ಪ್ರತಿ ಊರಿನ ದಾರಿಯನ್ನೂ ತಾನೇ ಗಾಡಿಯಲ್ಲಿ ಕೂತು ಅಳೆದಿದ್ದೇನೆ ಎಂದು ವಿವರಿಸಿದ. ನೀಲಗಟ್ಟಿಯ ಕಾಲುವೆ ದಾರಿಯಲ್ಲಂತೂ ಮೂರು ದಿನ ಮೂರು ಸಲ ಹೋಗಿ ಬಂದಿದ್ದನಂತೆ. ಅಷ್ಟು ಸಪಾಟಾದ ದಾರಿ ತಾಲೂಕಿನಲ್ಲೇ ಇನ್ನೊಂದಿಲ್ಲ, ಒಂದು ಕಲ್ಲು ಸಹ ಅಡ್ಡ ಬರಲಿಲ್ಲ ಅಂದ. ಆಮೇಲೆ, ನಿಮ್ಮ ಮಾತನ್ನೂ ಒಮ್ಮೆ ಹಾಕಿ ನೋಡೋಣ ಎಂದು ಇಪ್ಪತ್ತನಾಲ್ಕನ್ನು ಅಳಿಸಿ ಅರವತ್ತು ಒತ್ತಿದ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಬೂದಿ ಬಣ್ಣಕ್ಕಿದ್ದ ನೀಲಗಟ್ಟಿ ಎಲ್ಲರ ಕಣ್ಣೆದುರಿಗೇ ಹಸಿರಾಯಿತು. ಹಸಿರೆಂದರೆ ಹೆರಿಗೆ ಕೋಣೆ ಉಳಿಯಿತು ಎಂದರ್ಥ.

"ನೋಡ್ರಿ ಅಕ್ಕಾ, ನಂಗೇನ ಮುಚ್ಚೂ ಹಟ ಇಲ್ಲ," ಅಂದ ಅವನು. "ಆದ್ರ ಇಲ್ಲಿ ಕಾರಣ ಬರಿಬೇಕಾಗ್ತದ. ಇಷ್ಟ ಛೊಲೊ ರಸ್ತಾದಾಗ ಒಂದ ತಾಸ ಯಾಕ ಹಿಡಿತದ? ಅದೊಂದ ಹೇಳ್ರಿ, ಈಗೇ ಹಾಕ್ತೀನಿ."

ಮಲ್ಲಾಬಾಯಿ ಬಾಯಿ ತೆರೆದಳು. ಮನ್ಸೂರಅಲಿಯ ಬಗಲಲ್ಲಿ ಕಾಲುವೆ ಇಲಾಖೆಯ ಇಂಜಿನಿಯರು ಕುಳಿತು ಚಹಾ ಕುಡಿಯುತ್ತಿದ್ದ. ಅವನೂ ಕಪ್ಪನ್ನು ಕೆಳಗಿಟ್ಟು ಇವಳ ಕಡೆ ನೋಡಿದ. ತೆರೆದ ಬಾಯಿಯನ್ನು ಅವಳು ಹಾಗೇ ಮುಚ್ಚಿಕೊಂಡಳು.

"ಯಾವಾಗ ಬಂದಿದ್ರಿ ನೀವು?" ಎಂದು ಮಾತ್ರ ಕೇಳಿದಳು.

ದಸರೆಯ ಮುಂಚಿನ ವಾರ ಅಂದ. ಬಿಳಿ ಜೀಪು, ಸರ್ಕಾರದ ಬೋರ್ಡು. ನಿಮ್ಮೂರಿನ ಜನ ಬಹಳ ಒಳ್ಳೆಯವರು ಅಕ್ಕಾ, ಏರಿಯ ಮೇಲೆ ಸಾಲಾಗಿ ನಿಂತು ಕೈ ಮುಗಿದರು ಎಂದು ನಕ್ಕ. ಬೇಕಿದ್ದರೆ ಸೋಮವಾರ ಇನ್ನೊಮ್ಮೆ ಬಂದು ಎಲ್ಲರ ಎದುರಿಗೆ ಅಳೆಯುತ್ತೇನೆ, ದಾರಿ ಕಾಲುವೆ ಇಲಾಖೆಯದಾದ್ದರಿಂದ ಇಂಜಿನಿಯರ್ ಸಾಹೇಬರೂ ಜೊತೆಗೆ ಬರಲಿ ಅಂದ. ಇಂಜಿನಿಯರು ಆಗಲಿ ಎಂದ. ಮಲ್ಲಾಬಾಯಿ ಕುಳಿತುಬಿಟ್ಟಳು. ಅವಳಿಗೆ ಎಲ್ಲ ತಿಳಿದುಹೋಗಿತ್ತು.

ತಿಳಿಯುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ನೀಲಗಟ್ಟಿಯಲ್ಲಿ ಹಾಲು ಕುಡಿಯುವ ಕೂಸು ಬಿಟ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ನಾರಾಯಣಪುರದಿಂದ ಬರುವ ಈ ಕಾಲುವೆಯ ಕೆಳಗೆ ಹತ್ತಿ, ಶೇಂಗಾ, ಜೋಳ ಬೆಳೆಯಬೇಕು, ನೆಲ್ಲು ಹಚ್ಚಬಾರದು. ಊರ ತುಂಬ ನೆಲ್ಲೇ. ಕಾಲುವೆಗೆ ನೇರವಾಗಿ ಇಂಜಿನ್ ಇಟ್ಟು ನೀರು ಎತ್ತಬಾರದು. ಊರ ತುಂಬ ಇಂಜಿನ್ನೇ. ಕಾಲುವೆಗೂ ಹೊಲಕ್ಕೂ ನಡುವೆ ಇರುವುದು ಏರಿಯ ಬಗಲಿನ ಆ ದಾರಿ. ಹಾಗಾಗಿ ತೊಡೆ ಗಾತ್ರದ ಕಪ್ಪು ಪೈಪು ಆ ದಾರಿಗೆ ಅಡ್ಡ ಬಿದ್ದಿರುತ್ತದೆ, ಹೊಲಕ್ಕೊಂದು. ಮೇಲೆ ಮಣ್ಣು ಒಟ್ಟಿ, ಎರಡೂ ಕಡೆ ಕಲ್ಲು ಇಟ್ಟಿರುತ್ತಾರೆ. ಟ್ರ್ಯಾಕ್ಟರು ಕುಣಿದು ದಾಟುತ್ತದೆ. ಆಂಬುಲೆನ್ಸಿನ ಹೊಟ್ಟೆ ತಾಗಿ ಅಲ್ಲೇ ಕೂರುತ್ತದೆ.

ಇಲಾಖೆಯವರು ಪೈಪು ಕತ್ತರಿಸಲು ಬರುವುದುಂಟು. ಆದರೆ ನಾರಾಯಣಪುರದಲ್ಲಿ ಇಲಾಖೆಯ ಕ್ವಾರ್ಟರ್ಸಿನ ಎದುರಿಗೆ ಚಹಾ ಅಂಗಡಿಯ ಮೌಲಾಲಿ ಇದ್ದಾನೆ. ಬೋರ್ಡು ಹಾಕಿದ ಗಾಡಿ ಹೊರಬಿದ್ದರೆ ಸಾಕು, ಅವನ ಫೋನು ಕೊಡೇಕಲ್ಲಿಗೆ ಬರುತ್ತದೆ, ಕೊಡೇಕಲ್ಲಿನಿಂದ ನೀಲಗಟ್ಟಿಗೆ. ಗಾಡಿ ಬರುವಷ್ಟರಲ್ಲಿ ಇಂಜಿನ್ನು, ಪೈಪುಗಳೆಲ್ಲ ದಾರಿಯಂಚಿಗೆ ತೋರಿಕೆಗೆ ಹಾಕಿದ ಹತ್ತಿ ಸಾಲಿನ ನಡುವೆ ಮಲಗಿರುತ್ತವೆ, ದಾರಿಗೆ ಸಲಿಕೆ ಆಡಿಸಿ ಸಪಾಟು ಮಾಡಿರುತ್ತಾರೆ, ಗಂಡಸರು ಏರಿಯ ಮೇಲೆ ಬೀಡಿ ಹಚ್ಚಿಕೊಂಡು ನಿಂತಿರುತ್ತಾರೆ. ಮದುವೆ ಮನೆಯ ಚಪ್ಪರವನ್ನೂ ಇಷ್ಟು ಒಗ್ಗಟ್ಟಿನಿಂದ ಹಾಕುವವರಲ್ಲ ಅವರು.

ದಸರೆಯ ಮುಂಚೆ ಬಿಳಿ ಜೀಪು ಬಂದಾಗಲೂ ಹಾಗೇ ಆಗಿತ್ತು. ಆ ಮೂರರಲ್ಲಿ ಒಂದು ದಿನ ಮಲ್ಲಾಬಾಯಿ ಹೊಲಕ್ಕೆ ಬುತ್ತಿ ಒಯ್ದಿದ್ದಳು. ಗಂಡ ಅಮಾತೆಪ್ಪ ಬೆವರೊರೆಸಿಕೊಂಡು ಜೀಪಿಗೆ ಕೈ ಮುಗಿಯುವುದನ್ನು ಕಣ್ಣಾರೆ ನೋಡಿದ್ದಳು. ಪೈಪು ಕತ್ತರಿಸುವವರು ಸುಮ್ಮನೆ ಹೋದರಲ್ಲ ಎಂದು ಸಂಜೆ ಊರೆಲ್ಲ ನಗಾಡಿತ್ತು. ಅವಳೂ ನಕ್ಕಿದ್ದಳು. ಜೀಪಿನೊಳಗಿದ್ದವರು ಬಸುರಿಯರ ದಾರಿ ಅಳೆಯುತ್ತಿದ್ದರು ಎಂದು ಯಾವನಿಗೆ ಗೊತ್ತಿತ್ತು?

ಊರಿಗೆ ಹೋಗುವ ಟಂಟಂ ಆಟೋದಲ್ಲಿ ಕುಳಿತಾಗ ಅವಳ ಸಿಟ್ಟಿಗೆ ಜಾಗವೇ ಸಾಲದಾಯಿತು. ಯಂತ್ರವನ್ನು ಬೈದಳು. ಅದು ತನಗೆ ತೋರಿಸಿದ್ದನ್ನೇ ಹೇಳಿತ್ತು. ಮನ್ಸೂರಅಲಿಯನ್ನು ಬೈದಳು. ದಾರಿ ಅಳೆಯಲು ಬಂದವನು ಊರೊಳಗೆ ಇಳಿದು ಒಬ್ಬ ಬಾಣಂತಿಯನ್ನಾದರೂ ಮಾತಾಡಿಸಿದ್ದನೇ? ಕೈ ಮುಗಿದವರನ್ನು ನೋಡಿ ಖುಷಿಪಟ್ಟು ಹೋಗಿದ್ದ. ಕೊನೆಗೆ ಊರನ್ನು ಬೈದಳು, ಅಮಾತೆಪ್ಪನನ್ನು ಬೈದಳು, ಅವನ ನೆಲ್ಲಿನ ಅನ್ನ ಉಂಡ ತನ್ನ ಬಾಯನ್ನೂ ಬೈದಳು. ಶಹಾಪುರದ ಆಚೆ, ಕಾಲುವೆಯ ಕೊನೆಯಲ್ಲಿ ಅವಳ ತಂಗಿಯ ಹೊಲವಿತ್ತು. ಅಲ್ಲಿಗೆ ನೀರು ಮುಟ್ಟದೆ ಎಷ್ಟೋ ವರ್ಷವಾಗಿತ್ತು. ಯಾಕೆ ಮುಟ್ಟುವುದಿಲ್ಲ ಎಂಬುದನ್ನು ಅಕ್ಕತಂಗಿಯರು ಎಂದೂ ಮಾತಾಡುತ್ತಿರಲಿಲ್ಲ.

ಸಂಜೆ ಹಣಮಪ್ಪನ ಗುಡಿಯ ಕಟ್ಟೆಗೆ ಹೋಗಿ ಗಂಡಸರೆದುರು ಎಲ್ಲ ಹೇಳಿದಳು. ಸೋಮವಾರ ಜೀಪು ಬರುತ್ತದೆ, ಅದರಲ್ಲಿ ಕಾಲುವೆ ಇಂಜಿನಿಯರೂ ಇರುತ್ತಾನೆ, ಪೈಪು ಎತ್ತಿದರೆ ಹೆರಿಗೆ ಕೋಣೆ ಹೋಗುತ್ತದೆ, ಎತ್ತದಿದ್ದರೆ ಪೈಪುಗಳು ಹೋಗುತ್ತವೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದಳು. ಮೊದಮೊದಲು ಕೆಲವರು ನಕ್ಕರು. ಜೀಪು ಯಾವುದೆಂದು ತಿಳಿದಾಗ ನಗು ನಿಂತಿತು. ಆದರೆ ಯಾರೂ ಪೈಪಿನ ಮಾತೆತ್ತಲಿಲ್ಲ. ಒಬ್ಬ ಹೇಳಿದ, ಮಂತ್ರಿಗೆ ಅರ್ಜಿ ಕೊಡೋಣ. ಇನ್ನೊಬ್ಬ ಹೇಳಿದ, ಧರಣಿ ಕೂಡೋಣ.

ಕೊನೆಗೆ ಮಾತಾಡಿದವನು ದ್ಯಾವಪ್ಪ. ಅವನ ಹೊಲ ಅಮಾತೆಪ್ಪನ ಹೊಲಕ್ಕೆ ಅಂಟಿಕೊಂಡೇ ಮುಂದಿತ್ತು. ಅವನ ಸೊಸೆ ದೇವಕ್ಕನಿಗೆ ದಿನ ತುಂಬುತ್ತ ಬಂದಿತ್ತು. ಗಿಡ್ಡ ಹುಡುಗಿ, ಮೊದಲ ಹೆರಿಗೆ, ಕಾಲು ಬಾತಿದ್ದವು. ಮಲ್ಲಾಬಾಯಿ ದಿನಾ ಅವಳ ರಕ್ತದೊತ್ತಡ ನೋಡಿ ಮಾತ್ರೆ ಕೊಟ್ಟು ಬರುತ್ತಿದ್ದಳು. ಅವನಾದರೂ ತನ್ನ ಪರ ನಿಲ್ಲುತ್ತಾನೆಂದು ಅವಳು ನಂಬಿಕೊಂಡಿದ್ದಳು.

"ನೆಲ್ಲು ತೆನಿ ಹಿಡ್ಯಾಕತ್ತೈತಿ," ಅಂದ ದ್ಯಾವಪ್ಪ. "ಇನ್ನ ಎರಡ ನೀರ ಬೇಕ. ದವಾಖಾನಿ ಸರ್ಕಾರದ್ದು, ಇವತ್ತ ಮುಚ್ತಾರ, ನಾಳಿ ತಗಿತಾರ. ನೆಲ್ಲು ನಮ್ಮದು. ನಮ್ಮವ್ವ ಹೊಲದಾಗ ಹಡದಾಳ ನನ್ನ."

"ಹೊಲದಾಗ ಹಡದು ಎಷ್ಟ ಮಂದಿನ್ನ ಅಲ್ಲೇ ಮಣ್ಣ ಮಾಡ್ಯಾಳ ಅದನ್ನೂ ಹೇಳು," ಅಂದಳು ಮಲ್ಲಾಬಾಯಿ.

ದ್ಯಾವಪ್ಪನ ಮುಖ ಕಪ್ಪಿಟ್ಟಿತು. ಅವನ ಹೆಂಡತಿ ಯಂಕಮ್ಮ ನೀರಿನ ಕೊಡ ಹೊತ್ತು ಗುಡಿಯ ಮುಂದೆ ಹಾದು ಹೋಗುತ್ತಿದ್ದವಳು ನಿಂತು ಕೇಳಿಸಿಕೊಂಡಳು. ಕೊಡದ ನೀರು ತುಳುಕದಂತೆ ಹಿಡಿದುಕೊಂಡು ಹೋದಳು.

ಮನೆಯಲ್ಲಿ ಅಮಾತೆಪ್ಪ ಮಾತು ಬಿಟ್ಟ. ನಾಲ್ಕು ಮಂದಿಯೆದುರು ಹೆಂಡತಿ ಮರ್ಯಾದೆ ತೆಗೆದಳು ಎಂಬ ಸಿಟ್ಟು ಅವನಿಗೆ. ಅವನು ಕೆಟ್ಟವನಲ್ಲ. ಚಮನಬೀಯನ್ನು ಹೊರಸಿನ ಮೇಲೆ ಹೊತ್ತವರಲ್ಲಿ ಅವನೂ ಒಬ್ಬ. ಆವತ್ತು ಆಂಬುಲೆನ್ಸು ಕೂತಿದ್ದು ಅವನದೇ ಪೈಪಿನ ದಿಬ್ಬದ ಮೇಲೆ. ಹೊರಸು ಹೊತ್ತ ಹೆಗಲಿಗೂ ಪೈಪು ಹಾಕಿದ ಕೈಗೂ ಸಂಬಂಧವಿದೆ ಎಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ. ಭಾನುವಾರ ರಾತ್ರಿ ಊಟಕ್ಕೆ ಕುಳಿತಾಗ ಒಂದೇ ಮಾತು ಹೇಳಿದ.

"ಮುಂಜಾನಿ ಎಲ್ಲಾರೂ ಪೈಪ ಎತ್ತತೀವಿ. ನೀ ನಡುವ ಬರಬ್ಯಾಡ."

ಮಲ್ಲಾಬಾಯಿ ಅವನ ತಾಟಿಗೆ ಅನ್ನ ಬಡಿಸಿದಳು. ತಾನು ರೊಟ್ಟಿ ಮುರಿದುಕೊಂಡಳು.

ಸೋಮವಾರ ಮೌಲಾಲಿಯ ಫೋನಿಗೆ ಕಾಯುವ ಅಗತ್ಯವಿರಲಿಲ್ಲ. ಹೊತ್ತು ಏರುವ ಮೊದಲೇ ಗಂಡಸರು ಪೈಪು ಬಿಚ್ಚಿ, ಹತ್ತಿಯೊಳಗೆ ಮಲಗಿಸಿ, ದಾರಿ ಗುಡಿಸಿದಷ್ಟು ಚೊಕ್ಕ ಮಾಡಿ ಏರಿಯ ಮೇಲೆ ನಿಂತರು. ಆಸ್ಪತ್ರೆಗೆ ಹೋಗುವ ಬಿಳಿ ಸೀರೆಯಲ್ಲೇ ಮಲ್ಲಾಬಾಯಿ ಹೊಲಕ್ಕೆ ಬಂದಳು. ಯಾರನ್ನೂ ನೋಡಲಿಲ್ಲ. ಹತ್ತಿ ಸಾಲಿಗೆ ಇಳಿದು, ತನ್ನ ಮನೆಯ ಪೈಪಿನ ತುದಿ ಹಿಡಿದು ಎಳೆದಳು. ಅದು ಭಾರವಿತ್ತು. ಎರಡು ಸಲ ಜಾರಿ ಬಿದ್ದಳು. ಹೆರುವ ಹೆಂಗಸರ ಕೈ ಹಿಡಿದು ಅಭ್ಯಾಸವಿದ್ದವಳು, ಬಿಡಲಿಲ್ಲ. ಪೈಪನ್ನು ದಾರಿಗೆ ಅಡ್ಡ ಹಾಕಿ, ಅಮಾತೆಪ್ಪನ ಸಲಿಕೆಯಿಂದಲೇ ಮೇಲೆ ಮಣ್ಣು ಎಳೆದು, ಎರಡೂ ಕಡೆ ಕಲ್ಲು ಇಟ್ಟಳು. ನಿನ್ನೆಯವರೆಗೆ ಹೇಗಿತ್ತೋ ಹಾಗೆ. ಒಂದು ಬೊಗಸೆ ಮಣ್ಣು ಹೆಚ್ಚಿಲ್ಲ, ಕಡಿಮೆಯಿಲ್ಲ.

ಗಂಡಸರಲ್ಲಿ ಇಬ್ಬರು ಮುಂದೆ ಬಂದರು. ಅಮಾತೆಪ್ಪ ಅವರನ್ನು ತಡೆದ. ಹೆಂಡತಿಯ ಮೇಲಿನ ಪ್ರೀತಿಯಿಂದಲೋ, ಪರರ ಕೈ ಅವಳ ಮೇಲೆ ಬೀಳಬಾರದೆಂದೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ತಾನೇ ಎಳೆದು ಹಾಕುತ್ತೇನೆ ಎಂದು ಅವನು ಏರಿಯಿಂದ ಇಳಿಯುವಷ್ಟರಲ್ಲಿ ತಿರುವಿನಲ್ಲಿ ಜೀಪಿನ ಧೂಳು ಕಂಡಿತು.

ಜೀಪು ಬಂದು ದಿಬ್ಬದ ಮುಂದೆ ನಿಂತಿತು. ಮನ್ಸೂರಅಲಿ ಇಳಿದ. ಕೈಯಲ್ಲಿದ್ದ ಫೋನಿನಲ್ಲಿ ಹೊತ್ತು ಓಡುತ್ತಿತ್ತು. ಹಿಂದಿನಿಂದ ಇಂಜಿನಿಯರು ಇಳಿದು ಪೈಪನ್ನು ನೋಡಿದ, ಕಾಲುವೆಯನ್ನು ನೋಡಿದ, ಏರಿಯ ಕೆಳಗೆ ಹಸಿರಾಗಿ ನಿಂತ ನೆಲ್ಲನ್ನು ನೋಡಿದ.

"ಏನಿದು?" ಅಂದ.

"ಇದು ನಮ್ಮ ರಸ್ತಾರಿ," ಅಂದಳು ಮಲ್ಲಾಬಾಯಿ. "ದಿನಾ ಹಿಂಗ ಇರ್ತದ."

"ಯಾರ ಪೈಪು?"

"ನಂದು. ಬರ್ಕೊಳ್ರಿ."

ಇಂಜಿನಿಯರು ಫೋಟೋ ತೆಗೆದುಕೊಂಡ. ಈ ಹೊಲಕ್ಕೆ ಇನ್ನು ನೀರಿಲ್ಲ, ನೆಲ್ಲು ಒಣಗುತ್ತದೆ, ತಿಳಿದಿದೆಯಲ್ಲ ಎಂದು ಕೇಳಿದ. ಅವಳು ತಿಳಿದಿದೆ ಅಂದಳು. ಏರಿಯ ಮೇಲೆ ಅಮಾತೆಪ್ಪ ರುಮಾಲು ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡು ಕುಳಿತುಬಿಟ್ಟ.

ಮನ್ಸೂರಅಲಿಯೂ ಡ್ರೈವರೂ ಸೇರಿ ಕಲ್ಲು ಸರಿಸಿದರು, ಮಣ್ಣು ತೋಡಿದರು, ಪೈಪನ್ನು ಬದಿಗೆ ಹಾಕಿದರು. ಮನ್ಸೂರಅಲಿಯ ಅಂಗಿ ಮಣ್ಣಾಯಿತು. ಅವನು ಫೋನು ನೋಡಿದ, ಮುಂದಿನ ದಾರಿ ನೋಡಿದ. ಮುಂದೆ ಕಣ್ಣು ಹರಿಯುವವರೆಗೂ ದಾರಿ ಚೊಕ್ಕವಾಗಿತ್ತು. ಅವನ ದನಿ ಸಣ್ಣದಾಯಿತು.

"ಒಂದ ಪೈಪಿಗಿ ನಾಲ್ಕ ನಿಮಿಷ ಆತ ಅಕ್ಕಾ. ಇಪ್ಪತ್ತೆಂಟು. ಅರ್ಧ ತಾಸಿನ ಒಳಗೇ ಅದ. ಇಷ್ಟಕ್ಕ ಯಂತ್ರದ ಲೆಕ್ಕ ಬದಲಾಗಂಗಿಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಗಂಡನ ಬೆಳೆ ಬಲಿಕೊಟ್ಟು ಕೊಂಡದ್ದು ನಾಲ್ಕು ನಿಮಿಷ. ಒಂದು ಪೈಪು ಸಾಲದೆಂದು ರಾತ್ರಿಯೇ ಗೊತ್ತಿತ್ತು ಅವಳಿಗೆ. ಗೊತ್ತಿದ್ದೂ ಎಳೆದಿದ್ದಳು. ಇನ್ನೂ ಇವೆಯೇನು, ಎಲ್ಲೆಲ್ಲಿವೆ, ಯಾರು ಯಾರವು ಎಂದು ಇಂಜಿನಿಯರು ಕೇಳಿದ. ಅವಳು ಪ್ರತಿಯೊಂದನ್ನೂ ಹೇಳಬಲ್ಲವಳಾಗಿದ್ದಳು. ಅದರಲ್ಲಿ ಅರ್ಧ ಮನೆಗಳ ಕೂಸುಗಳನ್ನು ಅವಳೇ ಹೊರಗೆ ತೆಗೆದಿದ್ದಳು.

"ನಾ ಹೇಳಾಂಗಿಲ್ಲ," ಅಂದಳು, ಏರಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ. "ಅಲ್ಲಿ ನಿಂತಾರಲ್ಲ ಗಂಡಸ್ರು, ಅವರಿಗಿ ಕೇಳ್ರಿ. ಪೈಪ ಎತ್ತಾಕ ಇಷ್ಟ ಕೈ ಅದಾವ ಈ ಊರಾಗ. ನಾಳಿ ಹೊರಸ ಎತ್ತಾಕ ಯಾರ ಬರ್ತಾರ ನೋಡ್ತೀನಿ."

ದ್ಯಾವಪ್ಪ ಬೀಡಿಯ ಚೂರನ್ನು ಕಾಲುವೆಗೆ ಒಗೆದ. ಮನ್ಸೂರಅಲಿ ಹೊತ್ತು ನಿಲ್ಲಿಸಲೋ ಬೇಡವೋ ಎಂದು ಫೋನಿನ ಮೇಲೆ ಬೆರಳು ಹಿಡಿದುಕೊಂಡು ನಿಂತ. ಡ್ರೈವರು ಗಾಡಿ ಹತ್ತಿದ.

ಆಗ ಮುಂದಿನ ಹೊಲದ ಹತ್ತಿ ಅಲುಗಾಡಿತು. ಗರಗರ ಎಂಬ ಸದ್ದು ಬಂತು. ಯಂಕಮ್ಮ ಸೀರೆಯ ಕಚ್ಚೆ ಬಿಗಿದು, ಕಪ್ಪು ಪೈಪಿನ ತುದಿಯನ್ನು ಎರಡೂ ಕೈಯಿಂದ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಸಾಲಿನಿಂದ ಹೊರಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಬದುವಿನ ಮೇಲೆ ದೇವಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ದ್ಯಾವಪ್ಪ ಏರಿಯಿಂದ ಇಳಿದು ಹೆಂಡತಿಯ ಕಡೆ ಧಾವಿಸಿ ಹೋದ. ಹತ್ತಿರ ಹೋಗಿ ಏನೋ ಅಂದ. ಅವಳು ತುದಿ ಬಿಡಲಿಲ್ಲ. ಅವನು ಅಲ್ಲೇ ನಿಂತ.

ಡ್ರೈವರು ಇಂಜಿನ್ ಬಂದ್ ಮಾಡಿದ. ಕಾಲುವೆಯಲ್ಲಿ ನೀರು ಹರಿಯುವುದು ಕೇಳಿಸುತ್ತಿತ್ತು, ಮತ್ತು ಮೊರಂ ಮಣ್ಣಿನ ಮೇಲೆ ಪೈಪು ಉಜ್ಜುವ ಸದ್ದು. ಮಲ್ಲಾಬಾಯಿ ಸಲಿಕೆ ಎತ್ತಿಕೊಂಡು ಆ ಕಡೆ ನಡೆದಳು. ಮನ್ಸೂರಅಲಿ ಬೆರಳನ್ನು ಫೋನಿನಿಂದ ದೂರ ತೆಗೆದ. ಅಂಕಿಗಳು ಓಡುತ್ತಲೇ ಇದ್ದವು.